ತಟ್ಟೆಯಲ್ಲಿ ಉಳಿದ ಕಚೇರಿ

ಸಂಗೀತವು ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಕರಗಿಹೋಗುವ ಕಲೆ. ಶಿಲ್ಪಿಯು ಕಡೆದ ವಿಗ್ರಹ ಸಾವಿರ ವರ್ಷಗಳ ಅನಂತರವೂ ನಮ್ಮೆದುರು ನಿಲ್ಲುತ್ತದೆ. ಕವಿಯ ಕಾವ್ಯ ಓಲೆಗರಿಯಲ್ಲಿ ಉಳಿಯುತ್ತದೆ. ಗಾಯಕನ ದನಿಗೂ ವಾದಕನ ನಾದಕ್ಕೂ ಆ ಭಾಗ್ಯ ದೊರೆತುದು ತೀರ ತಡವಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಧ್ವನಿಮುದ್ರಣದ ಯಂತ್ರ ಬಂದ ಮೇಲೆ.

ಈ ಯಂತ್ರಕ್ಕೆ ಜಾಝ್ ಸಂಗೀತವು ಪಟ್ಟಿರುವ ಋಣ ದೊಡ್ಡದು. ಅಮೆರಿಕದ ದಕ್ಷಿಣ ಭಾಗದ ರೇವುಪಟ್ಟಣವಾದ ನ್ಯೂ ಆರ್ಲಿಯನ್ಸಿನಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ಮಕ್ಕಳ ಮೊಮ್ಮಕ್ಕಳ ನಡುವೆ ಬೆಳೆದ ಸಂಗೀತ ಇದು. ಇದರಲ್ಲಿ ಬರೆದಿಟ್ಟ ಸ್ವರಗಳಿಗಿಂತ ವಾದಕನು ಆ ಗಳಿಗೆಯಲ್ಲಿ ಕಲ್ಪಿಸಿ ನುಡಿಸಿದ್ದಕ್ಕೆ ಹೆಚ್ಚಿನ ಬೆಲೆ. ನಮ್ಮ ಸಂಗೀತಗಾರರು ಮನೋಧರ್ಮವೆಂದು ಯಾವುದನ್ನು ಕರೆಯುವರೋ ಅದಕ್ಕೆ ಇದು ಸಮೀಪದ ಬಂಧು. ಅಂಥ ಸಂಗೀತವನ್ನು ಕಾಗದದ ಮೇಲೆ ಹಿಡಿದಿಡಲಾಗದು. ತಟ್ಟೆಯ ಮೇಲೆ ಮಾತ್ರ ಹಿಡಿದಿಡಬಹುದು. 1917ರಲ್ಲಿ ಮೊದಲ ಜಾಝ್ ತಟ್ಟೆ ಮಾರಾಟಕ್ಕೆ ಬಂದಿತು. ಅಂದಿನಿಂದ ಈ ಸಂಗೀತದ ಚರಿತ್ರೆಯೆಂದರೆ ಬಹುಮಟ್ಟಿಗೆ ತಟ್ಟೆಗಳ ಚರಿತ್ರೆಯೇ ಆಗಿದೆ. ಆದುದರಿಂದಲೇ ಜಾಝ್ ರಸಿಕರಿಬ್ಬರು ಒಂದೆಡೆ ಸೇರಿದರೆಂದರೆ ಮಾತು ಬೇಗನೆ ಅತ್ತ ತಿರುಗುತ್ತದೆ. ಯಾವ ಊರಿನ ಕಚೇರಿ, ಯಾವ ವರ್ಷದ ಮುದ್ರಣ, ಮರುಮುದ್ರಣದಲ್ಲಿ ಹೊಸದಾಗಿ ಏನು ಸೇರಿತು, ಏನು ಕೆಟ್ಟಿತು ಎಂದು ಅವರು ರಾತ್ರಿಯೆಲ್ಲ ವಾದಿಸಬಲ್ಲರು. ಹೊರಗಿನವರಿಗೆ ಇದು ಹುಚ್ಚೆಂದು ಕಂಡೀತು. ಆದರೆ ಅವರ ವಾದದ ಒಳಗೆ ಹೊಕ್ಕು ನೋಡಿದರೆ, ನಡೆದುದನ್ನು ನಡೆದಂತೆ ಉಳಿಸುವುದು ಹೇಗೆಂಬ ಗಂಭೀರವಾದ ಪ್ರಶ್ನೆ ಎದುರಾಗುತ್ತದೆ. ಅಂಥ ಒಂದು ವಾದದ ಕಥೆಯನ್ನು ಇಲ್ಲಿ ಹೇಳಬಹುದು.

ಡ್ಯೂಕ್ ಎಲಿಂಗ್ಟನ್ನರು 1899ರಲ್ಲಿ ವಾಷಿಂಗ್‌ಟನ್ ನಗರದಲ್ಲಿ ಜನಿಸಿದರು. ಪಿಯಾನೊ ವಾದಕರಾದ ಅವರು ಹದಿನೈದು ಜನರ ದೊಡ್ಡ ವಾದ್ಯವೃಂದವೊಂದನ್ನು ಕಟ್ಟಿ, ಅದಕ್ಕಾಗಿಯೇ ನೂರಾರು ಕೃತಿಗಳನ್ನು ರಚಿಸಿದರು. 1927ರಿಂದ ಕೆಲವು ವರ್ಷ ಅವರ ವೃಂದ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ನುಡಿಸಿತು. ವೇದಿಕೆಯ ಮೇಲಿದ್ದವರು ಕಪ್ಪು ಜನ. ಹಣ ಕೊಟ್ಟು ಒಳಗೆ ಬಂದು ಕುಳಿತು ಕೇಳುವ ಹಕ್ಕಿದ್ದುದು ಬಿಳಿಯರಿಗೆ. ಅಲ್ಲಿಂದ ರೇಡಿಯೊ ಮೂಲಕ ಎಲಿಂಗ್ಟನ್ನರ ಹೆಸರು ದೇಶವೆಲ್ಲ ಹರಡಿತು. ಆದರೆ ಎರಡನೆಯ ಮಹಾಯುದ್ಧದ ಅನಂತರ ಕಾಲ ಬದಲಾಯಿತು. ದೊಡ್ಡ ವೃಂದಗಳನ್ನು ಸಾಕುವ ಖರ್ಚು ಏರಿತು, ಜನರ ಅಭಿರುಚಿ ಬೇರೆಡೆಗೆ ಹೊರಳಿತು, ಒಂದೊಂದಾಗಿ ವೃಂದಗಳು ಚದರಿಹೋದವು. ಎಲಿಂಗ್ಟನ್ನರು ತಮ್ಮ ಕೃತಿಗಳಿಂದ ಬರುತ್ತಿದ್ದ ಗೌರವಧನವನ್ನೇ ವಾದಕರ ಸಂಬಳಕ್ಕೆ ಸುರಿದು ವೃಂದವನ್ನು ಉಳಿಸಿಕೊಂಡರು. 1955ರ ಬೇಸಿಗೆಯಲ್ಲಿ ಅವರು ಜಲಕ್ರೀಡೆಯ ಪ್ರದರ್ಶನವೊಂದಕ್ಕೆ ಪಕ್ಕವಾದ್ಯ ನುಡಿಸಬೇಕಾಗಿ ಬಂದಿತು. ಅವರ ಕಾಲ ಮುಗಿಯಿತೆಂದು ವಿಮರ್ಶಕರು ಬರೆಯತೊಡಗಿದ್ದರು.

1956ರ ಜುಲೈ 7, ಶನಿವಾರ. ರೋಡ್ ಐಲೆಂಡ್ ರಾಜ್ಯದ ಸಮುದ್ರತೀರದ ಊರಾದ ನ್ಯೂಪೋರ್ಟಿನಲ್ಲಿ ಜಾಝ್ ಉತ್ಸವ ನಡೆದಿತ್ತು. ಉತ್ಸವ ಆರಂಭವಾಗಿ ಆಗಿನ್ನೂ ಮೂರನೆಯ ವರ್ಷ. ಎಲಿಂಗ್ಟನ್ನರ ವೃಂದ ಸಂಜೆ ವೇದಿಕೆಯೇರಿದಾಗ ವಾದಕರಲ್ಲಿ ಕೆಲವರು ಬಂದೇ ಇರಲಿಲ್ಲ. ಒಂದೆರಡು ಕೃತಿಗಳನ್ನು ನುಡಿಸಿ ಕೆಳಗಿಳಿದವರು ಮತ್ತೆ ಸರದಿ ಬರುವವರೆಗೆ ಕಾಯಬೇಕಾಯಿತು. ಮಧ್ಯರಾತ್ರಿ ಸಮೀಪಿಸಿದಾಗ ಜನ ಎದ್ದು ಮನೆಯ ಕಡೆ ಹೊರಡುತ್ತಿದ್ದರು. ಉತ್ಸವಕ್ಕೆಂದೇ ರಚಿಸಿದ ಹೊಸ ಕೃತಿಯನ್ನು ವೃಂದ ನುಡಿಸಿತು. ಅಭ್ಯಾಸ ಸಾಲದಾಗಿತ್ತು; ಮೆಚ್ಚುಗೆಯೂ ಅಷ್ಟಕ್ಕಷ್ಟೆ.

ಆಗ ಎಲಿಂಗ್ಟನ್ನರು 1937ರ ತಮ್ಮ ಹಳೆಯ ಕೃತಿಯೊಂದನ್ನು ಕೈಗೆತ್ತಿಕೊಂಡರು. ‘ಡಿಮಿನ್ಯುಎಂಡೊ ಅಂಡ್ ಕ್ರೆಶೆಂಡೊ ಇನ್ ಬ್ಲೂ’ ಎಂದು ಅದರ ಹೆಸರು. ನಾದ ಕ್ರಮವಾಗಿ ಇಳಿಯುವುದು ಮೊದಲ ಭಾಗ, ಏರುವುದು ಎರಡನೆಯ ಭಾಗ. ಅಂದಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದಷ್ಟು ಸಂಗೀತ. ಆದುದರಿಂದ ಈ ಕೃತಿಯ ಒಂದೊಂದು ಭಾಗ ತಟ್ಟೆಯ ಒಂದೊಂದು ಮಗ್ಗುಲನ್ನು ಸೇರಿತ್ತು. ಮನೆಯಲ್ಲಿ ಕೇಳುವವನು ನಡುವೆ ಎದ್ದು ತಟ್ಟೆಯನ್ನು ಮಗುಚಿ ಹಾಕಬೇಕಾಗಿತ್ತು. ಆ ರಾತ್ರಿ ಎಲಿಂಗ್ಟನ್ನರು ಈ ಸಂದಿಯನ್ನು ಪಾಲ್ ಗೊನ್ಸಾಲ್ವಿಸ್ ಎಂಬ ಸ್ಯಾಕ್ಸೊಫೋನ್ ವಾದಕರಿಗೆ ಒಪ್ಪಿಸಿದರು: ಎಷ್ಟು ಹೊತ್ತು ಬೇಕಾದರೂ ನುಡಿಸಬಹುದು.

ಸ್ಯಾಕ್ಸೊಫೋನ್ ನಮಗೆ ಅಪರಿಚಿತವಾದ ವಾದ್ಯವಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಲೋಕಪ್ರಸಿದ್ಧರಾದರು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನೂ ಹೊರತಂದರು. ಗೊನ್ಸಾಲ್ವಿಸರು ನುಡಿಸುತ್ತಿದ್ದುದು ಅದೇ ಜಾತಿಯ, ಇನ್ನೂ ತಗ್ಗಿನ ದನಿಯ ಟೆನರ್ ಸ್ಯಾಕ್ಸೊಫೋನನ್ನು. ಬ್ಲೂಸ್ ಎಂಬ ರಚನೆಯಲ್ಲಿ ಹನ್ನೆರಡು ಅಳತೆಗಳು ಸೇರಿ ಒಂದು ಸುತ್ತು. ಪ್ರತಿ ಅಳತೆಗೆ ನಾಲ್ಕು ಪೆಟ್ಟು. ನಮ್ಮ ತಾಳದ ಆವರ್ತದಂತೆ ಈ ಸುತ್ತು ಮರಳಿ ಮರಳಿ ಬರುತ್ತದೆ. ವಾದಕನು ಪ್ರತಿಸಲವೂ ಅದರೊಳಗೆ ಹೊಸದನ್ನು ಹೇಳಬೇಕು. ಐದಾರು ಸುತ್ತು ನುಡಿಸಿದವನು ಸಾಮಾನ್ಯವಾಗಿ ಮುಂದಿನವನಿಗೆ ಬಿಟ್ಟುಕೊಡುತ್ತಾನೆ. ಗೊನ್ಸಾಲ್ವಿಸರು ಆ ರಾತ್ರಿ ನುಡಿಸಿದ್ದು 27 ಸುತ್ತು.

ಏಳನೆಯ ಎಂಟನೆಯ ಸುತ್ತಿನ ಹೊತ್ತಿಗೆ ಸಭೆಯಲ್ಲಿ ಏನೋ ಮಿಸುಕಾಡಿತು. ವೇದಿಕೆಯ ಮಗ್ಗುಲಲ್ಲಿ ಕುಳಿತಿದ್ದ ಹೆಸರಾಂತ ಡ್ರಮ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ವೃತ್ತಪತ್ರಿಕೆಯಿಂದ ತಾಳ ಹಾಕುತ್ತ ವಾದಕರನ್ನು ಹುರಿದುಂಬಿಸುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ, ಕಪ್ಪು ಉಡುಪಿನ ಮಹಿಳೆಯೊಬ್ಬರು ಎದ್ದು ನರ್ತಿಸತೊಡಗಿದರು. ಅವರನ್ನು ಕಂಡು ಇನ್ನಷ್ಟು ಜನ ಎದ್ದರು. ಹೊರಟಿದ್ದವರು ಹಿಂದಿರುಗಿ ಓಡಿಬಂದರು. ಕೆಲವರು ಕುರ್ಚಿಗಳ ಮೇಲೆ ಹತ್ತಿ ನಿಂತರು. ಸುಮಾರು ಏಳು ಸಾವಿರ ಜನರ ಕೂಗು ವಾದ್ಯಗಳನ್ನೇ ಮುಳುಗಿಸುವಂತೆ ಏರಿತು. ಗಲಭೆಯಾದೀತೆಂದು ಉತ್ಸವದ ವ್ಯವಸ್ಥಾಪಕರು ಹೆದರಿ, ನಿಲ್ಲಿಸುವಂತೆ ಸನ್ನೆ ಮಾಡಿದರು. ಎಲಿಂಗ್ಟನ್ನರು ನಿಲ್ಲಿಸಲಿಲ್ಲ, ಸೌಮ್ಯವಾದ ಇನ್ನೂ ಕೆಲವು ಕೃತಿಗಳನ್ನು ನುಡಿಸಿ ಜನರನ್ನು ತಣಿಸಿ ಕಳುಹಿಸಿದರು. ಮರುತಿಂಗಳು ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂದಿತು. ತಾವು ಹುಟ್ಟಿದುದೇ 1956ರಲ್ಲಿ, ನ್ಯೂಪೋರ್ಟಿನಲ್ಲಿ ಎಂದು ಅವರು ಆಮೇಲೆ ಹೇಳುವುದಿತ್ತು.

ಇಷ್ಟು ಕಚೇರಿಯ ಕಥೆ. ತಟ್ಟೆಯ ಕಥೆಯೇ ಬೇರೆ.

ಕೊಲಂಬಿಯ ಕಂಪನಿಯು ಈ ಕಚೇರಿಯನ್ನು ಮುದ್ರಿಸಿಕೊಳ್ಳಲು ಏರ್ಪಾಡು ಮಾಡಿತ್ತು. 1948ರಲ್ಲಿ ಅದೇ ಕಂಪನಿ ಬಳಕೆಗೆ ತಂದ ದೀರ್ಘಾವಧಿ ತಟ್ಟೆಯ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸುತ್ತಿದ್ದುದರಿಂದ 27 ಸುತ್ತುಗಳಿಗೂ ಅದರಲ್ಲಿ ಎಡೆಯಿತ್ತು. ಆದರೆ ಸುರುಳಿಯನ್ನು ಹಾಕಿ ಕೇಳಿದಾಗ ಗೊನ್ಸಾಲ್ವಿಸರ ವಾದ್ಯ ಎಲ್ಲೋ ದೂರದಿಂದ ಕೇಳಿಬಂದಂತಿತ್ತು. ವೇದಿಕೆಯ ಮೇಲೆ ಎರಡು ಧ್ವನಿಗ್ರಾಹಕಗಳಿದ್ದವು. ಒಂದು ಕಂಪನಿಯದು, ಮತ್ತೊಂದು ಅಮೆರಿಕ ಸರ್ಕಾರದ ಬಾನುಲಿಯಾದ ವಾಯ್ಸ್ ಆಫ್ ಅಮೆರಿಕದ್ದು. ಗೊನ್ಸಾಲ್ವಿಸರು ಮೈಮರೆತು ನುಡಿಸಿದ್ದು ಎರಡನೆಯದರ ಮುಂದೆ.

ಹೊಸ ಕೃತಿಯ ವಾದನವೂ ಎಲಿಂಗ್ಟನ್ನರಿಗೆ ತೃಪ್ತಿ ತಂದಿರಲಿಲ್ಲ. ಆದುದರಿಂದ ಸೋಮವಾರ ವೃಂದವನ್ನು ನ್ಯೂಯಾರ್ಕಿನ ಸ್ಟುಡಿಯೊಗೆ ಕರೆಸಿ ಬಹಳಷ್ಟನ್ನು ಪುನಃ ನುಡಿಸಿ, ಅದಕ್ಕೆ ಜನರ ಚಪ್ಪಾಳೆಯನ್ನೂ ಕೂಗನ್ನೂ ಬೆರೆಸಿ, ನ್ಯೂಪೋರ್ಟಿನ ಕಚೇರಿಯೆಂದು ತಟ್ಟೆಯನ್ನು ಹೊರಡಿಸಲಾಯಿತು. ಗೊನ್ಸಾಲ್ವಿಸರ ಭಾಗವನ್ನು ಮಾತ್ರ ಮತ್ತೆ ನುಡಿಸುವುದು ಆಗದ ಮಾತು. ಅದು ದೂರದ ದನಿಯಾಗಿಯೇ ಉಳಿಯಿತು. ಎಲಿಂಗ್ಟನ್ನರ ಜೀವಮಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ತಟ್ಟೆ ಇದೇ.

ನಲವತ್ತು ವರ್ಷಗಳ ಬಳಿಕ, 1996ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ವಾಯ್ಸ್ ಆಫ್ ಅಮೆರಿಕದ ಸುರುಳಿಗಳು ಸಿಕ್ಕಿದವು. ಕಳೆದುಹೋಗಿತ್ತೆಂದುಕೊಂಡಿದ್ದ ಸ್ಯಾಕ್ಸೊಫೋನ್ ಅದರಲ್ಲಿ ಸ್ಪಷ್ಟವಾಗಿ, ಕಿವಿಯ ಬಳಿಯಲ್ಲಿಯೇ ನುಡಿದಂತೆ ಇತ್ತು. ಫಿಲ್ ಶಾಪ್ ಎಂಬವರ ಮೇಲ್ವಿಚಾರಣೆಯಲ್ಲಿ ಕಂಪನಿಯ ಸುರುಳಿಯನ್ನೂ ಬಾನುಲಿಯ ಸುರುಳಿಯನ್ನೂ ಜೋಡಿಸಿ, ಒಂದನ್ನು ಎಡಗಿವಿಗೆ ಇನ್ನೊಂದನ್ನು ಬಲಗಿವಿಗೆ ಕೇಳುವಂತೆ ಮಾಡಿದರು. ಹೇಳಿದಷ್ಟು ಸುಲಭವಲ್ಲ ಈ ಕೆಲಸ. ಎರಡು ಯಂತ್ರಗಳು ಎಂದೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ವೇಗದಲ್ಲಿ ಓಡುವುದಿಲ್ಲ. ಮೊದಲಿಂದ ಕೊನೆಯವರೆಗೆ ಅವನ್ನು ಒಂದರ ಹೆಜ್ಜೆಗೆ ಇನ್ನೊಂದರ ಹೆಜ್ಜೆ ಕೂಡಿಸುತ್ತ ಹೋಗಬೇಕಾಯಿತು. ಹೀಗೆ 1999ರಲ್ಲಿ, ಎಲಿಂಗ್ಟನ್ನರ ಜನ್ಮಶತಾಬ್ದಿಯ ವರ್ಷ, ಅಂದಿನ ಕಚೇರಿ ಎರಡು ತಟ್ಟೆಗಳಲ್ಲಿ ಹೊರಬಂದಿತು. ಸ್ಟುಡಿಯೊದಲ್ಲಿ ನುಡಿಸಿದ್ದನ್ನು ಅದೇ ಹೆಸರಿನಿಂದ ಬೇರೆಯಾಗಿ ಸೇರಿಸಲಾಯಿತು. ಅದನ್ನು ಕೇಳಲು ಗೊನ್ಸಾಲ್ವಿಸರು ಇರಲಿಲ್ಲ. 1974ರ ಮೇ ತಿಂಗಳಿನಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡಿದ್ದರು. ಅದಾದ ಕೆಲವೇ ದಿನಗಳಿಗೆ ಎಲಿಂಗ್ಟನ್ನರೂ ಅಗಲಿದ್ದರು.

ವಾದ ಹುಟ್ಟುವುದು ಇಲ್ಲಿ. ಹಳೆಯ ತಟ್ಟೆಯನ್ನು ಕೇಳಿ ಬೆಳೆದ ರಸಿಕರಿಗೆ ಆ ದೂರದ ಸ್ಯಾಕ್ಸೊಫೋನೇ ನ್ಯೂಪೋರ್ಟು. ಕತ್ತಲಲ್ಲಿ, ಗುಂಪಿನ ಹಿಂದೆ ನಿಂತು ಕೇಳಿದ ಅನುಭವ ಅದರಲ್ಲಿದೆ, ಹೊಸದರಲ್ಲಿ ಇಲ್ಲ ಎನ್ನುತ್ತಾರೆ ಅವರು. ಎಲಿಂಗ್ಟನ್ನರೇ ಒಪ್ಪಿ ಹೊರತಂದುದನ್ನು ತಿದ್ದಲು ನಾವಾರು ಎಂಬುದು ಅವರ ಇನ್ನೊಂದು ಪ್ರಶ್ನೆ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ತನ್ನ ಕೃತಿ ಯಾವ ರೂಪದಲ್ಲಿ ಜನರನ್ನು ಸೇರಬೇಕೆಂದು ನಿರ್ಧರಿಸುವ ಹಕ್ಕು ರಚನಕಾರನಿಗೆ ಇದ್ದೇ ಇದೆ. ಆದರೆ ಸ್ಟುಡಿಯೊದ ಸಂಗೀತಕ್ಕೆ ಚಪ್ಪಾಳೆಯನ್ನು ಅಂಟಿಸಿ ಕಚೇರಿಯೆಂದು ಕರೆದುದು ರಚನಕಾರನ ಹಕ್ಕಿನೊಳಗೆ ಬರುವ ವಿಷಯವಲ್ಲ. ಅದು ಕೊಳ್ಳುವವನಿಗೆ ಹೇಳಿದ ಸುಳ್ಳು. ಮೇಲಾಗಿ ಗೊನ್ಸಾಲ್ವಿಸರು ಆ ರಾತ್ರಿ ಉಸಿರು ಬಿಗಿಹಿಡಿದು ನುಡಿಸಿದ ಒಂದೊಂದು ಸ್ವರಕ್ಕೂ ನಮ್ಮ ಕಿವಿಯನ್ನು ತಲಪುವ ಹಕ್ಕಿದೆ. ಹಾಗಾಗಿ ಈ ಲೇಖಕನ ಒಲವು 1999ರ ಮುದ್ರಣದ ಕಡೆಗೆ. ಹಳೆಯ ತಟ್ಟೆಯನ್ನು ಎಸೆಯಬೇಕೆಂದು ಇದರ ಅರ್ಥವಲ್ಲ. ಎಲಿಂಗ್ಟನ್ನರಿಗೆ ಎರಡನೆಯ ಬದುಕನ್ನು ಕೊಟ್ಟದ್ದು ಅದೇ ತಾನೆ.

ಮರುಮುದ್ರಣದಿಂದ ತಪ್ಪು ತಿದ್ದಿದ ಉದಾಹರಣೆಗಳು ಇನ್ನೂ ಇವೆ. ಮೈಲ್ಸ್ ಡೇವಿಸರ ‘ಕೈಂಡ್ ಆಫ್ ಬ್ಲೂ’ 1959ರಲ್ಲಿ ಮುದ್ರಣಗೊಂಡಾಗ ಒಂದು ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ, ತಟ್ಟೆಯ ಮೊದಲ ಮಗ್ಗುಲಿನ ಸಂಗೀತವೆಲ್ಲ ನಿಜವಾದ ಶ್ರುತಿಗಿಂತ ಕೊಂಚ ಮೇಲಕ್ಕೆ ಕೇಳುತ್ತಿತ್ತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಲೋಕವೆಲ್ಲ ಆ ಶ್ರುತಿಯಲ್ಲಿಯೇ ಅದನ್ನು ಕೇಳಿ ಮೆಚ್ಚಿತು. 1990ರ ದಶಕದ ಮರುಮುದ್ರಣಗಳಲ್ಲಿ ಅದನ್ನು ಸರಿಪಡಿಸಲಾಯಿತು.

ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಪಾಟುಗಳಲ್ಲಿ ಬೇರೆ ಸುರುಳಿಗಳೂ ಇದ್ದವು. 1957ರ ನವೆಂಬರ್ 29ರಂದು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಮತ್ತು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆಗೂಡಿ ನುಡಿಸಿದ್ದರು. ಇವರಿಬ್ಬರ ಕೂಟ ಬಾಳಿದ್ದು ಕೆಲವೇ ತಿಂಗಳು. ತಟ್ಟೆಗಳಲ್ಲಿ ಉಳಿದುದು ತೀರ ಅಲ್ಪ. ಅದನ್ನು ಕಣ್ಣಾರೆ ಕಂಡವರು ಹೇಳಿದ ಮಾತುಗಳನ್ನು ಓದಿಯೇ ಒಂದು ತಲೆಮಾರಿನ ರಸಿಕರು ತೃಪ್ತರಾಗಬೇಕಾಗಿತ್ತು. 2005ರ ಜನವರಿಯಲ್ಲಿ ಗ್ರಂಥಾಲಯದ ಲ್ಯಾರಿ ಆಪಲ್‌ಬಾಮ್ ಎಂಬ ತಜ್ಞರು ವಾಯ್ಸ್ ಆಫ್ ಅಮೆರಿಕದ ಹಳೆಯ ಸುರುಳಿಗಳನ್ನು ಹೊಸ ತಂತ್ರಕ್ಕೆ ಇಳಿಸುತ್ತಿದ್ದಾಗ ಆ ಇಡೀ ಕಚೇರಿ ಕೈಗೆ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದು ಬಿಡುಗಡೆಯಾಯಿತು. ಕೇಳಿದವರು ಬೆರಗಾದರು: 48 ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ಸುರುಳಿಯಲ್ಲಿ ಇಬ್ಬರ ವಾದ್ಯಗಳೂ ನಿಚ್ಚಳವಾಗಿದ್ದವು.