ಕುಣಿಮಗ್ಗದ ಮನೆಗೆ ಕಾವು

ಧನುರ್ಮಾಸದ ಬೆಳಗಿನ ಜಾವದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದುಂಟು. ಹಿಮ ಬೀಳುವ ದೇಶದವರು ಇದನ್ನು ಚಳಿಯೆಂದೇ ಕರೆಯಲಾರರು. ಆದರೆ ಬೇಸಗೆಯಲ್ಲಿ 40 ಡಿಗ್ರಿಯನ್ನು ಕಂಡ ಮೈಗೆ, ಅದರಲ್ಲಿಯೂ ಕದಲದೆ ಕುಳಿತು ದುಡಿಯುವವರಿಗೆ, ಇದು ಅಲ್ಪವೇನಲ್ಲ. ನೆಲದಲ್ಲಿ ತೋಡಿದ ಕುಣಿಯ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಅದರೊಳಕ್ಕೆ ಇಳಿಬಿಟ್ಟು ನೇಯುವ ಮಗ್ಗವೇ ಕುಣಿಮಗ್ಗ. ಊರಿಗೆಲ್ಲ ಕಂಬಳಿ ಒದಗಿಸುವವರ ಪಾದಗಳೇ ಅಲ್ಲಿ ಮರಗಟ್ಟುತ್ತವೆ. ಪೇಟೆಯ ನೆಲಮಾಳಿಗೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತವರ ಪಾಡೂ ಅಷ್ಟೆ.

ಇಂತಹ ಕೋಣೆಗೆ ಕಾವು ಕೊಡಲು ಮೊದಲು ನೆನಪಾಗುವುದು ಕೆಂಡ ತುಂಬಿದ ಅಗ್ಗಿಷ್ಟಿಕೆ. ಹೊಗೆಯಿಲ್ಲ, ಹೆಚ್ಚಿನ ವೆಚ್ಚವಿಲ್ಲ; ಬಾಗಿಲು ಮುಚ್ಚಿದರೆ ಕೋಣೆ ಬೇಗನೆ ಬೆಚ್ಚಗಾಗುತ್ತದೆ. ಇರುವ ಉಪಾಯಗಳಲ್ಲೆಲ್ಲ ಅತ್ಯಂತ ಅಪಾಯಕರವಾದುದು ಇದೇ ಎಂದು ನಾವು ಹೇಳಿದರೆ ಕೆಲವರಿಗೆ ಅಚ್ಚರಿಯಾದೀತು. ಲೆಕ್ಕ ಹಾಕಿಯೇ ನೋಡೋಣ.

ಅಗ್ಗಿಷ್ಟಿಕೆಯ ತಳದಲ್ಲಿ ಇದ್ದಿಲು ಉರಿದು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಮೇಲಿನ ಕೆಂಡಗಳ ನಡುವೆ ಏರಿಬರುವಾಗ ಇನ್ನಷ್ಟು ಇಂಗಾಲವನ್ನು ಸೇರಿಸಿಕೊಂಡು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಕೆಂಡದ ಮೇಲೆ ಕುಣಿಯುವ ನೀಲಿಯ ಸಣ್ಣ ಜ್ವಾಲೆಯನ್ನು ವಾಚಕರು ಕಂಡಿರಬಹುದು. ಅದು ಈ ಅನಿಲವೇ ಉರಿಯುವ ಜ್ವಾಲೆ. ಬೂದಿ ಮುಚ್ಚಿ ಆ ಜ್ವಾಲೆ ಆರಿತೆಂದರೆ ಅನಿಲ ಉರಿಯದೆ ಕೋಣೆಗೆ ಸೇರುತ್ತದೆ. ನಮಗೆ ಹಿತವೆನಿಸುವ ನಿಗಿನಿಗಿ ಕೆಂಡದ ಹೊತ್ತು ಅದೇ ಅಲ್ಲವೆ?

4 ಮೀಟರು ಉದ್ದ, 3 ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಕೋಣೆಯಲ್ಲಿ 30,000 ಲೀಟರು ಗಾಳಿ ಹಿಡಿಯುತ್ತದೆ. 12 ಗ್ರಾಂ ಇಂಗಾಲದಿಂದ ಸುಮಾರು 24 ಲೀಟರು ಮಾನಾಕ್ಸೈಡ್ ಹುಟ್ಟಬಲ್ಲದು. ಎಂದರೆ ಕೇವಲ 15 ಗ್ರಾಂ ಇಂಗಾಲ, ಇದ್ದಿಲಿನ ಒಂದು ಸಣ್ಣ ಚೂರು, ಹೀಗೆ ಅರೆಬರೆ ಉರಿದರೆ 30 ಲೀಟರು ಅನಿಲ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು. ಇಷ್ಟರಲ್ಲಿಯೇ ತಲೆನೋವು, ತಲೆಸುತ್ತು ತೊಡಗಿ, ಒಂದೆರಡು ಗಂಟೆಗಳಲ್ಲಿ ಎಚ್ಚರ ತಪ್ಪುತ್ತದೆ. ಅಲ್ಲಿಯೇ ಉಳಿದರೆ ಪ್ರಾಣಕ್ಕೇ ಅಪಾಯ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಮಾನಾಕ್ಸೈಡನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಫ್ರಾನ್ಸಿನ ಕ್ಲೋಡ್ ಬರ್ನಾರ್ 19ನೆಯ ಶತಮಾನದ ನಡುಭಾಗದಲ್ಲಿಯೇ ಈ ವಿಷದ ಬಗೆಯನ್ನು ಶೋಧಿಸಿದ್ದನು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕಾಗಿದೆ. ಜೋಳ ತುಂಬಿದ ಹಗೇವಿಗಾಗಲಿ ಪಾಳುಬಾವಿಗಾಗಲಿ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುವುದು ಹಿರಿಯರ ವಾಡಿಕೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತ ಆಮ್ಲಜನಕವನ್ನು ಬಳಸಿ ಡೈಆಕ್ಸೈಡನ್ನು ಬಿಡುವುದರಿಂದ ದೀಪ ಆರುತ್ತದೆ. ಅಲ್ಲಿ ಈ ಪರೀಕ್ಷೆಗೆ ಅರ್ಥವುಂಟು. ಆದರೆ ಸಾವಿರಕ್ಕೆ ಒಂದು ಪಾಲು ಮಾನಾಕ್ಸೈಡ್ ಬೆರೆತ ಗಾಳಿಯಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮೂಗೂ ದೀಪವೂ ಎರಡೂ ನಿರುಪಯೋಗಿ. ಒಂದೇ ಕೋಣೆಯಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೆ ತಲೆ ನೋಯತೊಡಗಿದರೆ ಅದನ್ನೇ ಎಚ್ಚರಿಕೆಯೆಂದು ತಿಳಿದು, ಎಲ್ಲರನ್ನೂ ಬಯಲಿಗೆ ಕರೆತಂದು, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಒಂದು, ಒಂದೂವರೆ ಗಂಟೆ ಸಾಕಾಗುತ್ತದೆ.

ಸೀಮೆಎಣ್ಣೆಯ ಒಲೆಗೂ ಇದೇ ಆಕ್ಷೇಪಣೆ. ಅಡಿಗೆಯ ಅನಿಲವಂತೂ ಗಾಳಿಗಿಂತ ಭಾರ. ಸೋರಿದರೆ ತಗ್ಗನ್ನು ಹುಡುಕಿಕೊಂಡು ಹೋಗಿ ಕುಣಿಯಲ್ಲಿ ಮಡುಗಟ್ಟುತ್ತದೆ.

ಉಳಿದುದು ವಿದ್ಯುತ್ತು. ಕಾದು ಕೆಂಪಾಗುವ ತಂತಿಯ ಹೀಟರು ಉಣ್ಣೆಯ ಎಳೆ, ಹತ್ತಿಯ ಧೂಳು ಹಾರುವಲ್ಲಿ ತಕ್ಕುದಲ್ಲ. ಎಣ್ಣೆ ತುಂಬಿ ಮುಚ್ಚಿದ ಹೀಟರು ಲೇಸು. 2,000 ವ್ಯಾಟಿನ ಹೀಟರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುವುದರಿಂದ ದೀಪದ ಸಣ್ಣ ಸಾಕೆಟ್ಟು ಅದನ್ನು ತಾಳದು. ಭೂಸಂಪರ್ಕವುಳ್ಳ 16 ಆಂಪಿಯರಿನ ಸಾಕೆಟ್ಟೇ ಬೇಕು. ತೇವದ ನೆಲದಲ್ಲಿ, 30 ಮಿಲಿಆಂಪಿಯರಿನಷ್ಟು ವಿದ್ಯುತ್ ಸೋರಿದರೂ ಸಂಪರ್ಕವನ್ನು ಕಡಿಯುವ ಸಾಧನವನ್ನು ಅಳವಡಿಸದೆ ಹೀಟರು ಇಡಲೇಬಾರದು.

ಆದರೆ ಇಡೀ ಕೋಣೆಯನ್ನು ಕಾಯಿಸುವ ಅಗತ್ಯವಾದರೂ ಏನಿದೆ? ಹಗಲು ರಾತ್ರಿಗಳ ಏರಿಳಿತ ಮಣ್ಣಿನಲ್ಲಿ ಅರ್ಧ ಮೀಟರಿನೊಳಗೇ ಬಹುಮಟ್ಟಿಗೆ ಅಡಗಿಹೋಗುತ್ತದೆ. ಆಳದ ಮಣ್ಣು ವರ್ಷದ ಸರಾಸರಿಯ ಸಮೀಪದಲ್ಲಿರುವುದರಿಂದ ನಮ್ಮ ಸೀಮೆಯ ನೆಲಮಾಳಿಗೆಯ ಗೋಡೆ ಚಳಿಗಾಲದ ಬೆಳಗ್ಗೆ ಹೊರಗಿನ ಗಾಳಿಗಿಂತ ಬೆಚ್ಚಗೇ ಇರುತ್ತದೆ. ಚಳಿಯ ಮೂಲ ಬೇರೆ: ಹೊರಗಿನ ತಣ್ಣನೆಯ ಗಾಳಿ ಭಾರವಾಗಿ ಬಾಗಿಲ ಸಂದಿನಿಂದ ಕೆಳಕ್ಕೆ ಇಳಿಯುತ್ತದೆ, ತೇವದ ಮಣ್ಣು ಪಾದದ ಶಾಖವನ್ನು ಹೀರುತ್ತದೆ. ಕುಣಿಯ ತಳಕ್ಕೆ ಹಲಗೆ, ಅದರ ಮೇಲೆ ಒಣಗಿದ ಗೋಣಿಚೀಲ, ಮೊಣಕಾಲಿಗೆ ಕಂಬಳಿಯ ತುಂಡು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಬಾಗಿಲ ಕೆಳಗಿನ ಸಂದಿಗೆ ಬಟ್ಟೆಯ ಸುರುಳಿ ಇಡಬಹುದು. ಮೇಲಿನ ಗವಾಕ್ಷಿ ಮಾತ್ರ ತೆರೆದೇ ಇರಲಿ.

ಇನ್ನೂ ಸಾಲದಿದ್ದರೆ, 60 ಡಿಗ್ರಿಗೆ ಕಾದ ಎರಡು ಲೀಟರು ನೀರನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಮೈ ಸುಡದಂತೆ ಗೋಣಿ ಸುತ್ತಿ, ಪಾದದ ಬಳಿ ಇಡಿ. ಅದು 30 ಡಿಗ್ರಿಗೆ ಆರುವಷ್ಟರಲ್ಲಿ ಸುಮಾರು 250 ಕಿಲೋಜೂಲ್ ಶಾಖವನ್ನು ಬಿಡುತ್ತದೆ. ಒಂದು ಗಂಟೆಯ ಕಾಲ ಉರಿಯುವ 70 ವ್ಯಾಟಿನ ಹೀಟರಿಗೆ ಸಮ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊರಡುವ ಶಾಖವೇ 100 ವ್ಯಾಟಿನಷ್ಟು. ಆ ನೀರನ್ನು ಬಯಲಿನ ಒಲೆಯ ಮೇಲೆ ಕಾಯಿಸಿ ತಂದರಾಯಿತು, ಉರಿ ಹೊರಗೇ ಉಳಿಯುತ್ತದೆ.