ಟರ್ಕಿಯ ವೈನ್: ಗುಣಮಟ್ಟ ಮತ್ತು ಬೆಲೆ

ದ್ರಾಕ್ಷಿ ಬೆಳೆಯಲ್ಲಿ ಟರ್ಕಿ ವಿಶ್ವದ ಮುಂಚೂಣಿ ರಾಷ್ಟ್ರಗಳಲ್ಲೊಂದು. ಆದರೂ ಅದರಲ್ಲಿ ವೈನ್ ತಯಾರಿಕೆಗೆ ಸಲ್ಲುವುದು ಅತ್ಯಲ್ಪ. ಗುಣಮಟ್ಟದ ಕೊರತೆ ಇದಕ್ಕೆ ಕಾರಣವಲ್ಲ. ಎಲಾಜಿಗ್ ಪ್ರಾಂತ್ಯದ ಓಕುಜ್‌ಗೋಜು ('ಎತ್ತಿನ ಕಣ್ಣು' ಎಂದರ್ಥ, ಹಣ್ಣು ಅಷ್ಟು ದಪ್ಪ), ದಿಯಾರ್‌ಬಕಿರ್‌ನ ಒಗರಾದ ಬೊಗಾಜ್‌ಕೆರೆ ತಳಿಗಳನ್ನು ಬೆರೆಸಿದ ಕೆಂಪು ವೈನ್ ಉತ್ತಮ ದರ್ಜೆಯದೇ.

ತೊಡಕಿರುವುದು ಬೆಲೆಯಲ್ಲಿ. ವೈನಿನ ಮೇಲಿನ ವಿಶೇಷ ಬಳಕೆ ತೆರಿಗೆಯನ್ನು ಬೆಲೆಗನುಗುಣವಾಗಿ ವಿಧಿಸದೆ ಲೀಟರಿಗೆ ಇಂತಿಷ್ಟೆಂದು ನಿಗದಿಪಡಿಸಲಾಗಿದೆ. ಅದನ್ನೂ ಸೇರಿಸಿದ ಮೊತ್ತದ ಮೇಲೆ ಶೇ. 20ರ ಮೌಲ್ಯವರ್ಧಿತ ತೆರಿಗೆ ಬೀಳುತ್ತದೆ. ಬಾಟಲಿಗೆ 10 ಲೀರಾ ತೆರಿಗೆಯೆಂದು ಭಾವಿಸೋಣ: 20 ಲೀರಾ ಸರಕಿಗೆ ಅದು ಮೂಲಬೆಲೆಯ ಅರ್ಧ, 100 ಲೀರಾ ಸರಕಿಗೆ ಹತ್ತನೆಯ ಒಂದು ಭಾಗ ಮಾತ್ರ. ಹೀಗಾಗಿ ಸಾಮಾನ್ಯ ವೈನೇ ಹೆಚ್ಚು ತುಟ್ಟಿಯೆನಿಸುತ್ತದೆ. 2013ರ ಕಾಯಿದೆ ಮದ್ಯದ ಜಾಹೀರಾತನ್ನೂ ನಿಷೇಧಿಸಿರುವುದರಿಂದ, ಸಣ್ಣ ತಯಾರಕನು ತನ್ನ ಸರಕಿನ ಗುಣವನ್ನು ಗ್ರಾಹಕನಿಗೆ ತಿಳಿಸುವುದೂ ಕಷ್ಟ.