ಜೀಪಿನ ಮುಂದಿನ ಅಚ್ಚು ಎಲ್ಲಿ ಮುರಿಯುತ್ತದೆ?

ಎತ್ತಿನ ಗಾಡಿಯ ಅಚ್ಚಿಗಿರುವುದು ಒಂದೇ ಕೆಲಸ, ಭಾರ ಹೊರುವುದು. ಎಳೆಯುವವೂ ಎತ್ತುಗಳೇ, ದಿಕ್ಕು ತಿರುಗಿಸುವವೂ ಎತ್ತುಗಳೇ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಸಲ್ಲುವ ಜೀಪಿನ ಮುಂದಿನ ಅಚ್ಚಿನ ಪಾಡು ಹಾಗಲ್ಲ. ಅದು ಭಾರವನ್ನು ಹೊರಬೇಕು, ಗಾಲಿಗಳನ್ನು ಉರುಳಿಸಬೇಕು, ಅದೇ ಕಾಲದಲ್ಲಿ ಅವು ಎಡಬಲಕ್ಕೆ ತಿರುಗಲೂ ಅವಕಾಶ ಕೊಡಬೇಕು. ಮೂರು ಕೆಲಸಗಳನ್ನು ಒಂದೇ ಅಂಗಕ್ಕೆ ಒಪ್ಪಿಸಿದಲ್ಲಿ ದುರ್ಬಲ ಸ್ಥಾನಗಳು ಹುಟ್ಟಿಕೊಳ್ಳುವುದು ಸಹಜ.

ಚಾಮರಾಜನಗರ ಜಿಲ್ಲೆಯಲ್ಲಿ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲೊಂದಾದ ಬಂಡೀಪುರದ ಬಹುಭಾಗವು ಗುಂಡ್ಲುಪೇಟೆ ತಾಲ್ಲೂಕಿನಲ್ಲಿದೆ. ಅಲ್ಲಿ ಕಾವಲು ಸುತ್ತುವ ಜೀಪು ಆನೆಗಳ ದಾರಿಯಲ್ಲಿ ಅಚ್ಚು ಮುರಿದು ನಿಂತರೆ ಒಳಗಿರುವವರ ಗತಿಯೇನು? ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಾಡಿಯಿಂದ ರೋಗಿಯೊಬ್ಬನನ್ನು ಇಳಿಸಿ ತರುವಾಗ ಹಾಗಾದರೆ? ಲೋಹದ ಒಂದು ಸಣ್ಣ ಬಿರುಕಿನ ಮೇಲೆ ಒಂದು ಜೀವ ನಿಂತಿರಬಹುದು.

ಬಲದ ಲೆಕ್ಕ

ಭಾರತದಲ್ಲಿ 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಜೋಡಿಸತೊಡಗಿದ ಜೀಪುಗಳ ಮೂಲಪುರುಷನು ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎಂಜಿನ್ನಿನ ಗರಿಷ್ಠ ತಿರುಗುಬಲ, ಎಂದರೆ ಟಾರ್ಕ್, ಸುಮಾರು 142 ನ್ಯೂಟನ್-ಮೀಟರ್. ಮೊದಲನೆಯ ಗೇರು ಇದನ್ನು ಸುಮಾರು 2.67 ಪಟ್ಟು, ಕಡಿಮೆ ವೇಗದ ಗೇರು 1.97 ಪಟ್ಟು, ಅಚ್ಚಿನೊಳಗಣ ಕ್ರೌನ್ ಚಕ್ರವು 4.88 ಪಟ್ಟು ಹೆಚ್ಚಿಸುತ್ತವೆ. ಇವೆಲ್ಲವನ್ನೂ ಗುಣಿಸಿದರೆ, ಘರ್ಷಣೆಯ ನಷ್ಟವನ್ನು ಬಿಟ್ಟು, ಸುಮಾರು 3,640 ನ್ಯೂಟನ್-ಮೀಟರ್ ದೊರೆಯುತ್ತದೆ.

ಇಷ್ಟೂ ಬಲ ಸಾಮಾನ್ಯವಾಗಿ ಅಚ್ಚಿನ ಮೇಲೆ ಬೀಳುವುದಿಲ್ಲ. ಅಷ್ಟರಲ್ಲಿ ಟೈರು ಜಾರುತ್ತದೆ. ಒಂದು ಮುಂಗಾಲಿಯ ಮೇಲೆ 400 ಕಿಲೋಗ್ರಾಂ ಭಾರವಿದ್ದು, ನೆಲದ ಘರ್ಷಣಾಂಕವು 0.8 ಆಗಿದ್ದು, ಗಾಲಿಯ ತ್ರಿಜ್ಯವು 0.36 ಮೀಟರ್ ಇದ್ದರೆ, ಸುಮಾರು 1,130 ನ್ಯೂಟನ್-ಮೀಟರ್ ಮೀರಿದೊಡನೆ ಗಾಲಿ ಜಾರಿಬಿಡುವುದು. ಜಾರುವಿಕೆಯೇ ಅಚ್ಚಿಗೆ ರಕ್ಷೆ.

ಈ ರಕ್ಷೆಯನ್ನು ನಾವೇ ಕಳೆಯುವುದುಂಟು. ದೊಡ್ಡ ಟೈರನ್ನು ಹಾಕಿ ತ್ರಿಜ್ಯವನ್ನು 0.40 ಮೀಟರಿಗೆ ಏರಿಸಿದರೆ ಅಚ್ಚು ತಾಳಬೇಕಾದ ಬಲವೂ ಶೇಕಡ 11ರಷ್ಟು ಏರುತ್ತದೆ. ಗಾಲಿಯು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಜಾರುವ ಮಾತೇ ಇಲ್ಲ. ಸಾಧಾರಣ ಡಿಫರೆನ್ಷಿಯಲ್ ಎರಡು ಕಡೆಗೂ ಬಲವನ್ನು ಸಮನಾಗಿ ಹಂಚುತ್ತದೆ. ಆದುದರಿಂದ ಒಂದು ಗಾಲಿ ಗಾಳಿಯಲ್ಲಿ ತೇಲಿದರೆ ಇನ್ನೊಂದೂ ನಿಷ್ಪ್ರಯೋಜಕವಾಗುತ್ತದೆ. ಈ ತೊಡಕನ್ನು ನಿವಾರಿಸಲು ಕೆಲವರು ಎರಡು ಕಡೆಗಳನ್ನೂ ಬಂಧಿಸುವ 'ಲಾಕರ್' ಹಾಕಿಸುತ್ತಾರೆ. ಆಗ ಮುಂದಿನ ಅಚ್ಚಿಗೆ ಬಂದ ಬಲವೆಲ್ಲವೂ ನೆಲ ಹಿಡಿದ ಒಂದೇ ಕಂಬಿಯ ಮೂಲಕ ಹಾಯಬೇಕಾಗುತ್ತದೆ. ವಾಹನ ಮುಂದೆ ಸಾಗಬಹುದು, ಕಂಬಿ ಮುರಿಯಲೂಬಹುದು.

ದುರ್ಬಲ ಸ್ಥಾನಗಳು

ಮೊದಲನೆಯದು ಗಾಲಿ ತಿರುಗುವೆಡೆಯ ಕೀಲು. ಶಿಲುಬೆಯಾಕಾರದ 'ಕ್ರಾಸ್' ಉಳ್ಳ ಕೀಲು 30 ಅಂಶ ಬಾಗಿದಾಗ, ಒಳಗಿನ ಕಂಬಿ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಹೊರಗಿನದು ಪ್ರತಿ ಸುತ್ತಿಗೆ ಎರಡು ಬಾರಿ ಅದರ 0.87ರಿಂದ 1.15ರಷ್ಟು ವೇಗದ ನಡುವೆ ಏರಿಳಿಯುತ್ತದೆ. ಬಲವೂ ಹಾಗೆಯೇ ಏರಿಳಿಯುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಎಂಜಿನ್ನನ್ನು ಗರ್ಜಿಸಿದಾಗ ಕೀಲು ಸಿಡಿಯುವುದಕ್ಕೆ ಇದೊಂದು ಕಾರಣ. ಗುಂಡುಗಳ ಮೂಲಕ ವೇಗವನ್ನು ಸಮವಾಗಿಡುವ ಕೀಲನ್ನು ಆಲ್ಫ್ರೆಡ್ ರೆಜೆಪ್ಪಾ ಎಂಬಾತ 1920ರ ದಶಕದಲ್ಲಿ ರೂಪಿಸಿದನು. ಅದು ಯುದ್ಧಕಾಲದ ಹಲವು ಜೀಪುಗಳಲ್ಲಿಯೂ ಇತ್ತು.

ಎರಡನೆಯದು ಕಂಬಿಯ ತುದಿಯ ಉದ್ದನೆಯ ಹಲ್ಲುಗಳು, ಎಂದರೆ ಸ್ಪ್ಲೈನುಗಳು. ಹಲ್ಲಿನ ಬುಡದ ಮೂಲೆಗಳಲ್ಲಿ ಒತ್ತಡವು ಕೂಡಿಕೊಳ್ಳುವುದರಿಂದ ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಮೂರನೆಯದು ಕ್ರೌನ್ ಚಕ್ರ ಮತ್ತು ಪಿನಿಯನ್ನಿನ ಹಲ್ಲುಗಳು. ನಾಲ್ಕನೆಯದು ಅಚ್ಚಿನ ಕೊಳವೆ. ಹಳ್ಳಕ್ಕೆ ಧುಮುಕಿದಾಗ ಕೊಳವೆ ತುಸು ಬಾಗಿದರೂ ಟೈರುಗಳು ಒಂದೇ ಬದಿಯಲ್ಲಿ ಸವೆಯತೊಡಗುತ್ತವೆ.

ಪರೀಕ್ಷಿಸುವ ಬಗೆ

ಹಿಂದಿನ ಗಾಲಿಗಳಿಗೆ ಅಡೆ ಕೊಟ್ಟು, ಜೀಪನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮುಂಗಾಲಿಯ ಮೇಲ್ಭಾಗವನ್ನೂ ಕೆಳಭಾಗವನ್ನೂ ಹಿಡಿದು ಅಲುಗಿಸಬೇಕು. ಆಡಿದರೆ ಬೇರಿಂಗು ಸಡಿಲವಾಗಿದೆ ಎಂದರ್ಥ. ಅಚ್ಚಿನ ಎಣ್ಣೆಯನ್ನು ಇಳಿಸಿ ಅದರಲ್ಲಿ ಅಯಸ್ಕಾಂತವನ್ನು ಆಡಿಸಿದಾಗ ಉಕ್ಕಿನ ಚೂರುಗಳು ಅಂಟಿದರೆ ಹಲ್ಲುಗಳು ಒಡೆಯುತ್ತಿವೆ. ಹೊಸ ಕಂಬಿಯನ್ನು ಜೋಡಿಸುವ ಮುನ್ನ ಅದರುದ್ದಕ್ಕೂ ಬಣ್ಣದ ನೇರ ಗೆರೆಯೊಂದನ್ನೆಳೆಯುವುದು ಒಳ್ಳೆಯ ಉಪಾಯ. ಮುಂದೆ ಬಿಚ್ಚಿದಾಗ ಗೆರೆಯು ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಉಕ್ಕು ತನ್ನ ಸ್ಥಿತಿಸ್ಥಾಪಕತ್ವದ ಮೇರೆಯನ್ನು ದಾಟಿದೆ. ಅದನ್ನು ಮತ್ತೆ ಬಳಸಬಾರದು.

ಮುರಿದ ಕಂಬಿಯೂ ಪಾಠ ಹೇಳುತ್ತದೆ. ಸೀಮೆಸುಣ್ಣದ ತುಂಡೊಂದನ್ನು ಎರಡು ಕೈಗಳಿಂದ ತಿರುಚಿ ನೋಡಿರಿ. ಅದು 45 ಅಂಶದ ಓರೆಯಲ್ಲಿ ಸುರುಳಿಯಾಗಿ ಮುರಿಯುತ್ತದೆ. ಪೆಡಸಾದ ಲೋಹವೂ ಹಾಗೆಯೇ. ಮೆದುವಾದ ಉಕ್ಕು ಮೊದಲು ತಿರುಚಿಕೊಂಡು, ಬಳಿಕ ಅಡ್ಡಲಾಗಿ ಕತ್ತರಿಸಿದಂತೆ ಮುರಿಯುತ್ತದೆ. ಮುರಿದ ಮುಖದ ಮೇಲೆ ಕಪ್ಪೆಚಿಪ್ಪಿನ ಗೆರೆಗಳಂತಹ ನಯವಾದ ಅಲೆಗಳು ಕಂಡರೆ, ಬಿರುಕು ಬಹುಕಾಲದಿಂದ ಬೆಳೆಯುತ್ತಿದ್ದಿತೆಂದು ತಿಳಿಯಬೇಕು.

ಬಲಪಡಿಸುವ ಕ್ರಮ

ಕಂಬಿಯ ತಿರುಚು ಶಕ್ತಿಯು ವ್ಯಾಸದ ಘನಕ್ಕೆ ಅನುಗುಣವಾಗಿದೆ. 25 ಮಿಲಿಮೀಟರಿಗೆ ಬದಲಾಗಿ 30 ಮಿಲಿಮೀಟರ್ ವ್ಯಾಸದ್ದನ್ನು ಹಾಕಿದರೆ ಶಕ್ತಿಯು ಶೇಕಡ 73ರಷ್ಟು ಹೆಚ್ಚುತ್ತದೆ. ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಉಕ್ಕು ಇನ್ನೂ ಗಟ್ಟಿ. ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಸರಪಳಿಯ ಒಂದು ಕೊಂಡಿಯನ್ನು ಬಲಪಡಿಸಿದರೆ ಅದರ ಪಕ್ಕದ ಕೊಂಡಿಯೇ ದುರ್ಬಲವಾಗುವುದು. ಕಂಬಿಯನ್ನು ಮಾತ್ರ ಗಟ್ಟಿಗೊಳಿಸಿದವನು ಮುಂದೆ ಕ್ರೌನ್ ಚಕ್ರವನ್ನು ಮುರಿದುಕೊಳ್ಳುತ್ತಾನೆ. ಅದನ್ನು ಕಾಡಿನ ನಡುವೆ ಬದಲಾಯಿಸುವುದು ಅಸಾಧ್ಯವೆಂದೇ ಹೇಳಬೇಕು. ಆದುದರಿಂದ ಬಲ್ಲವರು ಗಾಲಿಯ ಹೊರಮುಖದಲ್ಲಿರುವ ಹಬ್ಬನ್ನು ಬೇಕೆಂದೇ ಎಲ್ಲಕ್ಕಿಂತ ದುರ್ಬಲವಾಗಿ ಉಳಿಸುತ್ತಾರೆ. ವಿದ್ಯುತ್ತಿಗೆ ಫ್ಯೂಸು ಇದ್ದಂತೆ ಇದು. ಅದು ಒಡೆದರೆ ಕೆಲವು ಸಲಕರಣೆಗಳಿಂದಲೇ ದಾರಿಯಲ್ಲಿ ಬದಲಾಯಿಸಬಹುದು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ವಾಹನದ ಮೂಲ ರಚನೆಯ ಮಾರ್ಪಾಡಿಗೆ ಮಿತಿ ಹಾಕಿದೆಯೆಂಬುದನ್ನೂ, ರಕ್ಷಿತಾರಣ್ಯವು ವಿನೋದದ ಸವಾರಿಗೆ ತಕ್ಕ ಬಯಲಲ್ಲವೆಂಬುದನ್ನೂ ಮರೆಯಬಾರದು. ಯಾವ ಯಂತ್ರವೂ ಎಂದೂ ಮುರಿಯದಂತೆ ಮಾಡುವುದು ಸಾಧ್ಯವಿಲ್ಲ. ಅದು ಎಲ್ಲಿ ಮುರಿಯಬೇಕೆಂಬುದನ್ನು ಮೊದಲೇ ನಿಶ್ಚಯಿಸುವುದು ಮಾತ್ರ ನಮ್ಮ ಕೈಯಲ್ಲಿದೆ.